ಬೈಗುಳದ ಗುಂಡಿಗಳು

ಕುಮಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಗಣಪತಿ ಕೆಲಸದಲ್ಲಿ ಜಾಣ. ಕುತೂಹಲ ಮಾತ್ರ ಬೇಕಾದ್ದಕ್ಕಿಂತ ತುಸು ಹೆಚ್ಚು. ಮೊನ್ನೆ ನನ್ನ ಹಳೆಯ ಲ್ಯಾಪ್‌ಟಾಪನ್ನು ಅವನ ಮೇಜಿನ ಮೇಲಿಟ್ಟು, “ತೀರಾ ನಿಧಾನ ಆಗಿದೆ, ಎಂತಾದರೂ ಮಾಡು” ಎಂದೆ. ಅವನು ಅದರ ಒಳಗೆಲ್ಲ ಓಡಾಡಿ, ಒಂದು ಕಡೆ ಗಕ್ಕನೆ ನಿಂತ.

“ಮೇಡಂ, ‘ಉಪದ್ವ್ಯಾಪ’ ಅಂತ ಒಂದು ಫೋಲ್ಡರ್ ಅದೆ. ಎಂತದು ಇದು, ವೈರಸ್ಸಾ?”

“ಅಲ್ಲವೋ. ನಾನೇ ಮಾಡಿದ್ದು.”

“ವೈರಸ್ ನೀವೇ ಮಾಡಿದ್ದಾ!”

“ಪ್ರೋಗ್ರಾಮು ಮಾರಾಯಾ. ಸಣ್ಣ ಸಣ್ಣದು. ಮನೆಬಳಕೆಗೆ.”

ಗಣಪತಿ ನನ್ನ ಮುಖ ನೋಡಿದ. ಆಮೇಲೆ ನನ್ನ ಕೈಯಲ್ಲಿದ್ದ ಬಸಳೆ ಸೊಪ್ಪಿನ ಚೀಲ ನೋಡಿದ. ಎರಡಕ್ಕೂ ಪ್ರೋಗ್ರಾಮಿಗೂ ಅವನಿಗೆ ತಾಳೆಯಾಗಲಿಲ್ಲ. “ಅಳಿಸಿದರೆ ಜಾಗ ಸಿಗ್ತಿತ್ತು” ಎಂದು ಗೊಣಗಿದ. ನಾನು ಬಿಡಲಿಲ್ಲ. ಹೊನ್ನಾವರದ ಬಸ್ಸು ಹತ್ತಿ ಕಿಟಕಿ ಪಕ್ಕ ಕುಳಿತ ಮೇಲೂ ಅವನ ಪ್ರಶ್ನೆ ಕೊರೆಯುತ್ತಲೇ ಇತ್ತು. ಐವತ್ತು ದಾಟಿದ, ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕಕ್ಕೆ ನಂಬರು ಅಂಟಿಸುವ ಹೆಂಗಸಿಗೆ ಈ ಉಪದ್ವ್ಯಾಪ ಎಲ್ಲಿಂದ ಅಂಟಿತು?

ಕಲಿತದ್ದಂತೂ ಕುಮಟೆಯಲ್ಲೇ. ಆ ಕಾಲದಲ್ಲಿ ಕಂಪ್ಯೂಟರ್ ಕ್ಲಾಸೆಂದರೆ ದೇವಸ್ಥಾನದ ಲೆಕ್ಕ. ಚಪ್ಪಲಿ ಹೊರಗೆ ಬಿಡಬೇಕು, ಒಳಗೆ ತಣ್ಣಗಿನ ಗಾಳಿ, ಮುಟ್ಟುವ ಅಧಿಕಾರ ಮೇಷ್ಟ್ರಿಗೆ ಮಾತ್ರ. ನಾವು ಸುತ್ತ ನಿಂತು ದರ್ಶನ ಮಾಡುವುದು. ನನಗೆ ಪ್ರೋಗ್ರಾಮಿಗಿಂತ ಆ ತಣ್ಣಗಿನ ಗಾಳಿಯ ಮೇಲೇ ಭಕ್ತಿ ಹೆಚ್ಚಿತ್ತು. ಆದರೂ ಒಂದಿಷ್ಟು ತಲೆಗೆ ಹತ್ತಿತು. ಸಂಬಳ ತರುವಷ್ಟಲ್ಲ, ತೊಂದರೆ ತರುವಷ್ಟು.

ಕಲಿತದ್ದು ಅಲ್ಲಿಯಾದರೂ ರಕ್ತದಲ್ಲಿ ಬಂದದ್ದು ಹಿರೇಗುತ್ತಿಯ ನನ್ನ ಅಪ್ಪನಿಂದ. ಅಂಗಡಿಯಲ್ಲಿ ಸಿಗುವ ಯಾವ ವಸ್ತುವನ್ನು ಕಂಡರೂ, “ಇದನ್ನು ದುಡ್ಡು ಕೊಟ್ಟು ತರುದಾ?” ಎಂದು ಅವನು ಅವಮಾನಗೊಂಡವನಂತೆ ಕೇಳುತ್ತಿದ್ದ. ನಮ್ಮ ಮನೆಯ ಕಿಟಕಿಯ ಬಿಜಾಗರಿ ಸೈಕಲ್ ಟ್ಯೂಬಿನದು. ಬಟ್ಟೆ ಒಣಗಿಸುವ ತಂತಿಯೇ ರೇಡಿಯೋದ ಏರಿಯಲ್. ಒದ್ದೆ ಸೀರೆ ಹರವಿದ ದಿನ ಧಾರವಾಡ, ಒಣಗಿದ ಮೇಲೆ ಯಾವುದೋ ಅರಬ್ಬಿ ಸ್ಟೇಷನ್. ಒಮ್ಮೆ ಬಾಗಿಲ ಗಂಟೆ ಮಾಡಿದ. ಬೇಲಿಬಾಗಿಲಿನ ದಣಪೆಯಿಂದ ಅಡುಗೆಮನೆಯವರೆಗೆ ಹಗ್ಗ ಎಳೆದು, ತುದಿಗೊಂದು ಹಿತ್ತಾಳೆ ಲೋಟ ಕಟ್ಟಿದ. ಯಾರಾದರೂ ದಣಪೆ ಸರಿಸಿದರೆ ಲೋಟ ಗೋಡೆಗೆ ಬಡಿದು ಟಣ್ ಎನ್ನಬೇಕು. ಮೊದಲ ದಿನ ಟಣ್ ಟಣ್ ಎಂದಿತು. ಅಮ್ಮ ನೆಂಟರೆಂದು ಚಾಕ್ಕೆ ನೀರಿಟ್ಟಳು. ಹೊರಗೆ ಬಂದು ನೋಡಿದರೆ ಪಕ್ಕದ ಮನೆಯ ಹಂಡ ದನ ಹಗ್ಗವನ್ನು ಪ್ರೀತಿಯಿಂದ ಮೆಲ್ಲುತ್ತಿತ್ತು. ಅಪ್ಪನಿಗೆ ಬೇಸರವೇನೂ ಆಗಲಿಲ್ಲ. “ಬಂದದ್ದು ಗೊತ್ತಾತಲ್ಲ? ದನ ಅಂತ ಹೇಳು ಅಂತ ಲೋಟಕ್ಕೆ ನಾನು ಹೇಳಿರ್ಲಿಲ್ಲ” ಎಂದ.

ನನ್ನ ಪ್ರೋಗ್ರಾಮುಗಳೂ ಈ ಲೋಟದ ಜಾತಿಯವು. ಹೇಳಿದ್ದನ್ನು ಮಾಡುತ್ತವೆ. ಹೇಳಬೇಕಾದ್ದನ್ನು ನಾನು ಹೇಳಿರುವುದಿಲ್ಲ.

ಉದಾಹರಣೆಗೆ ‘ಶುಭೋದಯ ಸಂಹಾರಿ’. ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಬೆಳಗಾಗುವುದೇ ತಡ, ಸೂರ್ಯೋದಯ, ಗುಲಾಬಿ, ಚಹಾದ ಕಪ್ಪು, ಅದರ ಮೇಲೊಂದು ಸುಭಾಷಿತ. ನನ್ನ ಫೋನು ಅಜೀರ್ಣವಾಗಿ ನರಳತೊಡಗಿತು. ಚಿತ್ರದಲ್ಲಿ ಕೇಸರಿ ಬಣ್ಣ ಅತಿಯಾಗಿದ್ದರೆ ಅದು ಸೂರ್ಯೋದಯ, ಕಿತ್ತು ಬಿಸಾಡು ಎಂದು ಒಂದು ಪ್ರೋಗ್ರಾಮು ಬರೆದೆ. ಚೆನ್ನಾಗಿಯೇ ನಡೆಯಿತು. ಭಟ್ಕಳದಲ್ಲಿರುವ ನಾದಿನಿ ಶೈಲಾ ತನ್ನ ಹೊಸಮನೆ ಒಕ್ಕಲಿನ ಫೋಟೋ ಕಳಿಸುವವರೆಗೆ. ಒಕ್ಕಲಿಗೆ ಹೋದಾಗ ನಾನೇ ಕಂಡಿದ್ದೆ, ಮನೆ ತುಂಬ ಕೇಸರಿ ಗೊಂಡೆ ಹೂವಿನ ಮಾಲೆ. ಸಂಹಾರಿ ಅಷ್ಟನ್ನೂ ಸೂರ್ಯೋದಯವೆಂದೇ ಬಗೆದು ಸಂಹರಿಸಿತ್ತು.

“ಅತ್ತಿಗೆ, ಫೋಟೋ ಹ್ಯಾಂಗೆ ಬಂದಿದ್ದು?” ಎಂದು ಶೈಲಾ ಫೋನು ಮಾಡಿದಳು.

“ಭಾರಿ ಲಾಯ್ಕಿತ್ತು” ಎಂದೆ.

“ಯಾವುದು ಮೇಲು?”

“ಅದೇ, ಗೊಂಡೆ ಹೂವಿನದು.”

“ಎಲ್ಲದರಲ್ಲೂ ಗೊಂಡೆ ಹೂವೇ ಅಲ್ದಾ?”

“ಹೌದು, ಹಾಗಾಗೇ ಎಲ್ಲವೂ ಮೇಲು!”

ಇಂಥ ಪರಾಕ್ರಮದ ಕತೆಗಳು ಇನ್ನೂ ಇವೆ, ಬಿಡಿ. ನಾನು ಹೇಳಹೊರಟದ್ದು ಅತ್ತೆಯ ವಿಷಯ.

ನಮ್ಮ ಅತ್ತೆ ಹೊನ್ನಾವರದ ನಮ್ಮ ಓಣಿಗೇ ಬಾಯಿ. ಕೆಟ್ಟವರಲ್ಲ, ಜೋರು. ಅವರು ಅಂಗಳದಲ್ಲಿ ನಿಂತು ನನಗೆ ಒಂದು ಮಾತು ಹೇಳಿದರೆ ಆಚೆ ಮೂರು ಮನೆಯ ಸೊಸೆಯಂದಿರು ತಮ್ಮ ತಪ್ಪನ್ನೂ ತಿದ್ದಿಕೊಳ್ಳುತ್ತಿದ್ದರು. ಸಾರಿನಿಂದ ಹಿಡಿದು ಸರಕಾರದವರೆಗೆ ಅವರ ಬಾಯಿಗೆ ಸಿಗದೆ ಉಳಿದದ್ದಿಲ್ಲ. ಹೋದ ವರ್ಷ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅವರು ತೆಂಗಿನಕಾಯಿ ಹೆರೆಯುತ್ತ ಕುಳಿತಲ್ಲಿಯೇ ವಾಲಿದರು. ಪಾರ್ಶ್ವವಾಯು. ಆಸ್ಪತ್ರೆಯಿಂದ ಮರಳಿದಾಗ ಬಲಗೈ ಸೋತಿತ್ತು, ಮಾತು ಪೂರ್ತಿ ಹೋಗಿತ್ತು. ಏನು ಹೇಳಹೋದರೂ “ತ್ತ… ತ್ತ…” ಎಂಬುದಷ್ಟೇ ಹೊರಬರುತ್ತಿತ್ತು.

“ಅವರಿಗೆ ಎಲ್ಲ ತಿಳೀತದೆ. ಹೇಳಲಿಕ್ಕೆ ಶಬ್ದ ಸಿಗೂದಿಲ್ಲ, ಅಷ್ಟೇ. ಮಾತಾಡಿಸ್ತಾ ಇರಿ. ನಿಧಾನಕ್ಕೆ ಬರಬಹುದು” ಎಂದರು ಡಾಕ್ಟರು.

ನೋಡಲು ಬಂದ ಹೆಂಗಸರು ಅತ್ತೆಯ ಎದುರು ಕಣ್ಣೊರೆಸಿಕೊಂಡರು. ಅಡುಗೆಮನೆಗೆ ಬಂದು, “ಇನ್ನು ನಿನ್ನ ಕಿವಿಗಾದರೂ ವಿಶ್ರಾಂತಿ” ಎಂದು ನನ್ನ ಬೆನ್ನು ತಟ್ಟಿದರು. ಆ ವಿಶ್ರಾಂತಿಯ ಗತಿ ಕೇಳಿ. ಅತ್ತೆ “ಉಪ್ಪು ಕಮ್ಮಿ” ಎನ್ನುತ್ತಿದ್ದ ಧೈರ್ಯದ ಮೇಲೆ ನಾನು ಇಷ್ಟು ವರ್ಷ ಅಡುಗೆ ಮಾಡಿದವಳು. ಈಗ ಹೇಳುವವರಿಲ್ಲದೆ ಒಂದು ದಿನ ಸಮುದ್ರ, ಒಂದು ದಿನ ಸಪ್ಪೆ. ಮನೆಯೊಳಗೆ ಫ್ಯಾನಿನ ಸದ್ದು ಕೇಳಿಸತೊಡಗಿತು. ಆ ಫ್ಯಾನಿಗೆ ಅಂಥದೊಂದು ಸದ್ದು ಇದೆಯೆಂದೇ ನಮಗೆ ಗೊತ್ತಿರಲಿಲ್ಲ. ಅತ್ತೆ ಮಂಚದ ಮೇಲೆ ಕುಳಿತು ಎಡಗೈಯಿಂದ ಏನೋ ತೋರಿಸುವುದು, ನಾವು ನೀರಾ, ಚಾದರವಾ, ಕಿಟಕಿಯಾ ಎಂದು ಕೇಳುವುದು. ಒಂದೂ ಸರಿಹೊಂದದೆ ಅವರು ಕಣ್ಣಲ್ಲಿ ನೀರು ತುಂಬಿ ಗೋಡೆ ಕಡೆ ತಿರುಗಿಬಿಡುವುದು. ಇಷ್ಟೇ ಆಯಿತು.

ಇಂಥವರಿಗೆಂದೇ ಫೋನಿನಲ್ಲಿ ಆ್ಯಪ್‌ಗಳಿವೆ ಎಂದು ತಿಳಿದು ಒಂದನ್ನು ಇಳಿಸಿಕೊಂಡೆ. ಲೋಟದ ಚಿತ್ರ ಒತ್ತಿದೆ. ಒಬ್ಬ ಗಂಡಸು ವಾರ್ತೆ ಓದುವ ಗತ್ತಿನಲ್ಲಿ, “ದಯವಿಟ್ಟು ನನಗೆ ಕುಡಿಯಲು ಸ್ವಲ್ಪ ನೀರನ್ನು ನೀಡಿರಿ” ಎಂದ. ಅತ್ತೆ ಸರಕ್ಕನೆ ಎಡಗೈಯಿಂದ ಸೆರಗು ಎಳೆದುಕೊಂಡರು. ಪರಪುರುಷ ಮನೆಯೊಳಗೆ ಬಂದು ನೀರು ಕೇಳಿದರೆ ಮತ್ತೇನು ಮಾಡುವುದು!

ಸರಿ, ನನ್ನೊಳಗಿನ ಅಪ್ಪ ಎದ್ದು ಕುಳಿತ. ಇದನ್ನು ಹೊರಗಿನಿಂದ ತರುದಾ?

ಶೈಲಾಳ ಮಗಳು ಬಿಟ್ಟುಹೋದ ಹಳೆಯ ಟ್ಯಾಬ್ ಒಂದಿತ್ತು. ಅದಕ್ಕೊಂದು ಪುಟ ಬರೆದೆ. ಪುಟದ ತುಂಬ ದೊಡ್ಡ ದೊಡ್ಡ ಚೌಕದ ಗುಂಡಿಗಳು. ಪ್ರತಿ ಗುಂಡಿಯ ಮೇಲೆ ನಮ್ಮದೇ ಮನೆಯ ವಸ್ತುವಿನ ಫೋಟೋ: ಅತ್ತೆಯ ಸ್ಟೀಲ್ ಲೋಟ, ಅವರ ಚಾದರ, ಸದ್ದು ಮಾಡುವ ಆ ಫ್ಯಾನು. ಮುಟ್ಟಿದರೆ ಮಾತು. ದನಿ ಬೇರೆ ಯಾರದು ತರಲಿ? ನನ್ನದೇ ತುಂಬಿಸಿದೆ. “ನೀರು ಕೊಡು.” “ಸೆಕೆ ಆಗ್ತದೆ.” “ಮಲಗ್ತೇನೆ.” ಪ್ರೋಗ್ರಾಮು ಒಂದೇ ಸಲಕ್ಕೆ ಸರಿಯಾಗಿ ನಡೆಯಿತು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಅತ್ತೆ ಅದನ್ನು ಮುಟ್ಟಲಿಲ್ಲ. ತೊಡೆಯ ಮೇಲಿಟ್ಟರೆ ನೋಡಿದರು, ಒಂದೊಂದೇ ಚಿತ್ರದ ಮೇಲೆ ಕಣ್ಣಾಡಿಸಿದರು, ಏನನ್ನೋ ಹುಡುಕಿ ಸಿಗದವರಂತೆ ಪಕ್ಕಕ್ಕೆ ತಳ್ಳಿದರು. ಒಂದು ಮಧ್ಯಾಹ್ನ ಊಟದ ನಡುವೆ ತಾವೇ ಟ್ಯಾಬನ್ನು ಎಳೆದುಕೊಂಡರು. ನಾನು ಆಸೆಯಿಂದ ಬಗ್ಗಿದೆ. ಅವರು ನನ್ನ ಮುಖ ನೋಡಿದರು, ತಟ್ಟೆ ನೋಡಿದರು, ಗುಂಡಿಗಳನ್ನು ನೋಡಿದರು. ಆಮೇಲೆ ಟ್ಯಾಬನ್ನು ಹಾಸಿಗೆಯ ತುದಿಗೆ ಎಸೆದೇಬಿಟ್ಟರು.

ಬಾಗಿಲಲ್ಲಿ ನಿಂತಿದ್ದ ನನ್ನ ಗಂಡ ನಗತೊಡಗಿದರು. ಅವರು ಹಾರ್ಡ್‌ವೇರ್ ಅಂಗಡಿ ಇಟ್ಟವರು. ನನ್ನ ಸಾಫ್ಟ್‌ವೇರಿನ ಮೇಲೆ ಮೊದಲಿನಿಂದಲೂ ಒಂದು ಬಗೆಯ ಕಸುಬಿನ ತಾತ್ಸಾರ.

“ನಗುದೆಂತಕ್ಕೆ?” ಎಂದೆ.

“ನೀರು ಕೊಡು, ಮಲಗ್ತೇನೆ… ನಮ್ಮ ಆಯಿ ಯಾವತ್ತಾದರೂ ಇಷ್ಟು ಸಾಧು ಮಾತಾಡಿದ್ದು ಕೇಳಿದ್ಯಾ? ಆಯಿಗೆ ಎಂತ ಬೇಕು ಅಂತ ಹಾಕಿದ್ದೆ ನೀನು. ಆಯಿ ಎಂತ ಹೇಳ್ತಿತ್ತು, ಅದನ್ನು ಹಾಕು.”

ಒಪ್ಪಿಕೊಳ್ಳಲು ಕಷ್ಟವಾದರೂ ಮಾತು ಸರಿಯಾಗಿತ್ತು. ಆ ಭಾನುವಾರ ನಾವಿಬ್ಬರೂ ಮಾವಿನ ಮರದ ಕೆಳಗೆ ಕುಳಿತು ಅತ್ತೆಯ ಮಾತುಗಳನ್ನು ನೆನಪಿಸಿಕೊಂಡೆವು. ನೆನಪಿಸಿಕೊಳ್ಳುವುದೇನು, ಇಬ್ಬರಿಗೂ ಬಾಯಿಪಾಠ. “ಇದು ಸಾರಾ, ಕೈ ತೊಳದ ನೀರಾ?” “ಉಪ್ಪು ಯಾರಪ್ಪನ ಮನೆದು ಅಂತ ಉಳಿಸ್ತೆ?” “ಮೂರು ಸಂಜೆಗೆ ಬಾಗಿಲು ಹಾಕ್ತಾರನೆ?” ನಾನು ಫೋನು ಹಿಡಿದು ಒಂದೊಂದನ್ನೇ ಹೇಳಿ ದಾಖಲಿಸಿಕೊಂಡೆ. ಗಂಡನಿಗೆ ನನ್ನ ಗತ್ತು ಸಾಲಲಿಲ್ಲ. “ಇನ್ನೂ ಜೋರು. ಆಯಿ ‘ಸಾರಾ’ ಅನ್ನುವಾಗ ‘ರಾ’ ಮೇಲೆ ಹೋಗ್ತಿತ್ತು” ಎಂದು ತಿದ್ದಿದರು. ನನ್ನನ್ನೇ ನಾನು ಬೈದುಕೊಳ್ಳುವುದಕ್ಕೆ ಗಂಡನಿಂದ ತಾಲೀಮು! ಬೇಲಿಯಾಚೆಯ ಮನೆಯವರು ಕಿಟಕಿಗೆ ಬಂದು, ಇವಳಿಗೂ ಏನೋ ಆಯಿತೆಂದು ಮುಖ ಮುಖ ನೋಡಿಕೊಂಡರು.

ಗುಂಡಿಯ ಮೇಲೆ ಯಾವ ಚಿತ್ರ ಎಂಬುದು ಮುಂದಿನ ಸಮಸ್ಯೆ. ಸಾರಿಗೆ ಸಾರಿನ ಪಾತ್ರೆ ಆಯಿತು. “ನಿನ್ನ ಕೆಲಸ ಎಲ್ಲ ಹಿಂಗೇಯ” ಎಂಬುದಕ್ಕೆ? ಗಂಡ ಫೋನೆತ್ತಿ ನನ್ನ ಫೋಟೋ ತೆಗೆದರು. ಸೇಡಿಗೆ ನಾನೂ ಅವರದೊಂದು ತೆಗೆದು, “ಇವನಿಗೆ ಹೇಳುದೂ ಒಂದೇ, ಗೋಡೆಗೆ ಹೇಳುದೂ ಒಂದೇ” ಎಂಬುದಕ್ಕೆ ಜೋಡಿಸಿದೆ.

ಸಂಜೆ ಚಾ ಕೊಟ್ಟು ಟ್ಯಾಬನ್ನು ಅತ್ತೆಯ ಮುಂದಿಟ್ಟೆ. ಅವರು ಬೇಸರದಿಂದಲೇ ಕಣ್ಣು ಹಾಯಿಸಿದರು. ನನ್ನ ಫೋಟೋ ಕಂಡಲ್ಲಿ ಕಣ್ಣು ನಿಂತಿತು. ಎಡಗೈಯ ಬೆರಳು ಮೆಲ್ಲಗೆ ಹೋಗಿ ನನ್ನ ಮೂಗನ್ನು ಒತ್ತಿತು.

“ನಿನ್ನ ಕೆಲಸ ಎಲ್ಲ ಹಿಂಗೇಯ!” ಎಂದು ನನ್ನ ದನಿ ನನ್ನನ್ನು ಗದರಿತು.

ಅತ್ತೆ ಬೆಚ್ಚಿಬಿದ್ದರು. ಇನ್ನೊಮ್ಮೆ ಒತ್ತಿದರು. ಆಮೇಲೆ ಸಾರಿನ ಪಾತ್ರೆ, ಉಪ್ಪಿನ ಭರಣಿ, ಮಗನ ಮುಖ, ಒಂದಾದ ಮೇಲೊಂದು. ಹೊಟ್ಟೆಯಲ್ಲಿ ಕಟ್ಟಿಕೊಂಡದ್ದನ್ನೆಲ್ಲ ಹೊರಗೆ ಹಾಕಿದಂತೆ. ಅವರ ಸೊಟ್ಟಗಾದ ತುಟಿ ಇನ್ನಷ್ಟು ಸೊಟ್ಟಗಾಗಿ ನಡುಗಿತು. ನಗುತ್ತಿದ್ದಾರೆಂದು ತಿಳಿಯಲು ನಮಗೆ ತುಸು ಹೊತ್ತು ಹಿಡಿಯಿತು. ಗಂಡ ಅಂಗಳಕ್ಕೆ ಹೋಗಿ, ಕೆಲಸವಿಲ್ಲದಿದ್ದರೂ ಬಾವಿಯಿಂದ ಒಂದು ಕೊಡ ನೀರು ಸೇದಿದರು.

ಮನೆಗೆ ಕಳೆ ಬಂತು, ನನ್ನ ಮರ್ಯಾದೆ ಹೋಯಿತು. ದೂರದ ಸಂಬಂಧದ ಅಣ್ಣನೊಬ್ಬ ಸಂತೆಗುಳಿಯಿಂದ ಬಂದವನು ಅತ್ತೆಯ ಮಂಚದ ಪಕ್ಕ ಕುಳಿತು, ಎಲ್ಲ ಅವರವರ ಹಣೆಬರಹ ಎಂದು ಉಪದೇಶ ಎಳೆಯುತ್ತಿದ್ದ. ನಾನು ಒಳಗಿದ್ದೆ. “ಚಾ ಆತಲ್ಲ, ಇನ್ನು ಹೊರಡುದಾ?” ಎಂದು ನನ್ನ ದನಿ ಜೋರಾಗಿ ಕೇಳಿಸಿತು. ಓಡಿ ಬರುವಷ್ಟರಲ್ಲಿ ಆತ ಚಪ್ಪಲಿ ಮೆಟ್ಟಿದ್ದ. “ನಾನು ಹೇಳಿದ್ದಲ್ಲ, ಅತ್ತೆ ಹೇಳಿದ್ದು!” ಎಂದೆ. ಮಾತು ಬಾರದೆ ಮಂಚ ಹಿಡಿದ ಮುದುಕಿಯ ಮೇಲೆ ಗೂಬೆ ಕೂರಿಸುವ ಸೊಸೆಯನ್ನು ನೋಡಬೇಕಾದ ರೀತಿಯಲ್ಲೇ ಅವನು ನನ್ನನ್ನು ನೋಡಿದ. ಅತ್ತೆ ಪರಮ ಸಾಧುವಿನಂತೆ ಕಣ್ಣು ಮುಚ್ಚಿಕೊಂಡಿದ್ದರು.

ಆದರೆ ಅತ್ತೆಗೆ ಒಂದು ಕೊರಗು ಉಳಿದಿತ್ತು. ಅದು ಮೀನಿನದು.

ನಮ್ಮ ಓಣಿಗೆ ಮೀನು ತರುವವಳು ಮಾದೇವಿ. ಅವಳಿಗೂ ಅತ್ತೆಗೂ ಬುಟ್ಟಿಯ ಮೇಲೆ ನಡೆಯುತ್ತಿದ್ದ ಚೌಕಾಶಿ ಓಣಿಗೆಲ್ಲ ಪುಕ್ಕಟೆ ಮನರಂಜನೆ. ಬುಟ್ಟಿ ಮೂರು ಸಲ ತಲೆಗೇರಿ ಮೂರು ಸಲ ಇಳಿಯದೆ ವ್ಯಾಪಾರ ಕುದುರಿದ್ದಿಲ್ಲ. ಅತ್ತೆ ಮಲಗಿದ ಮೇಲೆ ಮಾದೇವಿ ಮೆತ್ತಗಾಗಿಬಿಟ್ಟಳು. ಒಳ್ಳೆಯ ಬಂಗಡೆ ಆರಿಸಿ ಇಡುವುದು, “ಕೊಟ್ಟಷ್ಟು ಕೊಡಿ” ಎನ್ನುವುದು, ಅತ್ತೆಯ ಕಾಲು ಮುಟ್ಟಿ ನಿಟ್ಟುಸಿರು ಬಿಟ್ಟು ಹೋಗುವುದು. ಆ ಕರುಣೆ ಕಂಡರೆ ಅತ್ತೆಗೆ ಮೈ ಉರಿಯುತ್ತಿತ್ತು. ಅವಳು ಹೋದ ಮೇಲೆ ಮೀನಿನತ್ತ ಬೆರಳು ತೋರಿಸಿ, ಟ್ಯಾಬ್ ತೋರಿಸಿ, “ತ್ತ… ತ್ತ…” ಎಂದು ನನ್ನ ಕೈ ಗಿಲ್ಲುತ್ತಿದ್ದರು.

ಮೀನಿನ ಗುಂಡಿಗಳನ್ನು ಮಾಡಿದೆ. ಬಂಗಡೆಯ ಚಿತ್ರಕ್ಕೆ “ಇದು ನಿನ್ನೆದಲ್ಲನೆ?” ಬುಟ್ಟಿಯ ಚಿತ್ರಕ್ಕೆ “ಬೇಡ, ತಕ್ಕಂಡು ಹೋಗು.” ಹೆದ್ದಾರಿಯ ಲಾರಿಗಳ ಸದ್ದಿನಲ್ಲಿ ಒಂದು ಸಲ ಹೇಳಿದ್ದು ಕೇಳಿಸುವುದಿಲ್ಲವಲ್ಲ? ಅದಕ್ಕೆ ಹೊಸದೊಂದು ಜಾಣತನ ಸೇರಿಸಿದೆ: ಗುಂಡಿ ಒತ್ತಿ ಹಿಡಿದರೆ ಮಾತು ಮತ್ತೆ ಮತ್ತೆ ಬರುತ್ತದೆ. ಬೆರಳು ತೆಗೆದರೆ ನಿಲ್ಲಬೇಕು. ಬರುವುದನ್ನು ಬರೆದೆ. ನಿಲ್ಲುವುದನ್ನು ಬರೆಯುವ ಹೊತ್ತಿಗೆ ಕುಕ್ಕರ್ ಸೀಟಿ ಹೊಡೆಯಿತು, ಎದ್ದು ಹೋದೆ.

ಮರುದಿನ ಅತ್ತೆ ಜಗಲಿಯಲ್ಲಿ ಕುರ್ಚಿ ಹಾಕಿಸಿಕೊಂಡು, ಟ್ಯಾಬ್ ತೊಡೆಯ ಮೇಲಿಟ್ಟು ಕಾದರು. ಮಾದೇವಿ ಬಂದು ಬುಟ್ಟಿ ಇಳಿಸಿದಳು.

“ಅಮ್ಮಂಗೆ ಅಂತ್ಲೇ ಬಂಗಡೆ ತಂದೆ. ಕೊಟ್ಟಷ್ಟು ಕೊಡಿ.”

“ಇದು ನಿನ್ನೆದಲ್ಲನೆ?”

ಮಾದೇವಿ ಗರಕ್ಕನೆ ನನ್ನ ಕಡೆ ತಿರುಗಿದಳು. ನಾನು ಬಾಯಿ ಮುಚ್ಚಿಕೊಂಡೇ ಅತ್ತೆಯತ್ತ ಕೈ ತೋರಿಸಿದೆ. ಅವಳು ಅತ್ತೆಯ ಮುಖ, ಬೆರಳು, ಹೊಳೆಯುವ ಪರದೆ ಎಲ್ಲ ನೋಡಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

“ನಿನ್ನೆದಾ! ಕಿವಿರು ಎತ್ತಿ ನೋಡಿ ಅಮ್ಮ, ಇನ್ನೂ ಕೆಂಪಗೆ ಅದೆ. ನಿನ್ನೆದು ಮೀನಲ್ಲ, ನಿಮ್ಮ ಕಣ್ಣು!”

“ಬೇಡ, ತಕ್ಕಂಡು ಹೋಗು.”

“ಹೋಗ್ತೆ. ಆಚೆಮನೆಯವರು ಕೈ ಮುಗದು ತಕ್ಕಣ್ತ್ರು.” ಬುಟ್ಟಿ ತಲೆಗೇರಿತು.

ಅತ್ತೆಯ ಮುಖ ಕೆಂಪೇರಿತ್ತು, ಕಣ್ಣು ಮಿನುಗುತ್ತಿತ್ತು. ಆವೇಶದಲ್ಲಿ ಬಂಗಡೆಯ ಗುಂಡಿಯನ್ನು ಗಟ್ಟಿಯಾಗಿ ಒತ್ತಿ ಹಿಡಿದರು.

“ಇದು ನಿನ್ನೆದಲ್ಲನೆ? ಇದು ನಿನ್ನೆದಲ್ಲನೆ? ಇದು ನಿನ್ನೆದಲ್ಲನೆ?”

ಬೆರಳು ತೆಗೆದರು. ನಿಲ್ಲಲಿಲ್ಲ. ಬುಟ್ಟಿಯ ಗುಂಡಿ ಒತ್ತಿ ಹಿಡಿದರು. ಅದೂ ಶುರುವಾಯಿತು. ನನ್ನ ಎರಡು ದನಿಗಳು ಜಗಳಕ್ಕೆ ಬಿದ್ದವು. “ಇದು ನಿನ್ನೆದಲ್ಲನೆ? ಬೇಡ, ತಕ್ಕಂಡು ಹೋಗು! ನಿನ್ನೆದಲ್ಲನೆ? ಹೋಗು!” ಓಣಿಯ ಕಿಟಕಿಗಳು ತೆರೆದುಕೊಂಡವು. ಮಾದೇವಿ ತಲೆಯ ಮೇಲೆ ಬುಟ್ಟಿ ಹೊತ್ತು, “ಒಂದು ಸಲ ಹೇಳಿದರೆ ಕೇಳುದಿಲ್ಲನಾ ನಂಗೆ!” ಎಂದು ಕೂಗಿದಳು. ನಾನು ಟ್ಯಾಬ್ ಕಸಿಯಲು ಹೋದೆ. ಅತ್ತೆ ಬಿಡಲಿಲ್ಲ. ತೊಡೆಯ ಮೇಲಿನ ಆ ನನ್ನ ದನಿಯನ್ನು ಎಡಗೈಯಿಂದ ಪಟಪಟನೆ ಬಡಿದರು. ಅದು ಮತ್ತೂ ಕಿರುಚಿತು. ಅತ್ತೆಯ ಕುತ್ತಿಗೆಯ ನರ ಉಬ್ಬಿತು.

“ಸುಮ್ನಿರೇ!”

ದಪ್ಪಗೆ, ಒರಟಾಗಿ, ಪೂರ್ತಿಯಾಗಿ ಬಂತು. ಟ್ಯಾಬಿನದಲ್ಲ. ಅತ್ತೆಯದು.

ಟ್ಯಾಬ್ ತನ್ನ ಪಾಡಿಗೆ ಅರಚುತ್ತಿತ್ತು. ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಅತ್ತೆ ತಮ್ಮ ತುಟಿಯನ್ನು ತಾವೇ ಬೆರಳಿನಿಂದ ಮುಟ್ಟಿ ನೋಡಿಕೊಂಡರು. ಅದು ತಮ್ಮದೋ ಅಲ್ಲವೋ ಎಂಬಂತೆ. ಮಾದೇವಿ ಬುಟ್ಟಿ ಇಳಿಸಿ, ಮೆಟ್ಟಿಲ ಮೇಲೆ ಕುಕ್ಕರಿಸಿ, ಮೀನಿನ ಕೈಯಲ್ಲೇ ಕಣ್ಣೊರೆಸಿಕೊಂಡು ಉರಿಯೆದ್ದು ಇನ್ನಷ್ಟು ಅತ್ತಳು. ಆಮೇಲೆ ಮೂಗು ಸೀಟಿ ಎದ್ದು ನಿಂತಳು.

“ಬಾಯಿ ಬಂತಲ್ಲ ಅಮ್ಮ? ಇನ್ನು ಕೊಟ್ಟಷ್ಟು ಕೊಡುದೆಲ್ಲ ಇಲ್ಲ. ಸರೀ ಮಾಡಿ ಕೊಡಿ.”

ಮಾತು ಆ ದಿನವೇ ಧಾರಾಳ ಹರಿಯಿತೆಂದಲ್ಲ. ಒಂದೊಂದೇ ಶಬ್ದ ಬಂತು, ಬಂದದ್ದು ಕೆಲವೊಮ್ಮೆ ತಪ್ಪು ಮನೆಗೆ ಹೋಯಿತು. ಫ್ಯಾನಿಗೆ ‘ದೋಸೆ’ ಎಂದರು, ಮಗನನ್ನು ‘ಕೊಡಪಾನ’ ಎಂದರು. ಬೈಗುಳ ಮಾತ್ರ ಮುರಿಯದೆ ಅಖಂಡವಾಗಿ ಬರುತ್ತಿತ್ತು. ಮಳೆಗಾಲ ಮುಗಿದ ಮೇಲೆ ಅವರನ್ನು ಡಾಕ್ಟರಿಗೆ ತೋರಿಸಲು ಕರೆದುಕೊಂಡು ಹೋದೆವು.

“ಚೆನ್ನಾಗಿದೆಯಲ್ಲ! ಎಂತ ಅಭ್ಯಾಸ ಮಾಡಿಸಿದ್ರಿ?” ಎಂದರು ಡಾಕ್ಟರು.

“ಮೀನಿನ ಚೌಕಾಶಿ” ಎಂದರು ನನ್ನ ಗಂಡ.

ಡಾಕ್ಟರಿಗೆ ನಗು ಬಂತು. “ಸುಳ್ಳಲ್ಲ. ಬೈಗುಳ, ಹಾಡು, ಇಂಥವು ಕೆಲವರಿಗೆ ಬೇರೆ ದಾರಿಯಲ್ಲಿ ಬರ್ತವೆ” ಎಂದರು. ಆಮೇಲೆ ಪರೀಕ್ಷೆಗೆ ತೊಡಗಿದರು. ಪೆನ್ನು ತೋರಿಸಿ ಇದೇನೆಂದರು, ಗಡಿಯಾರ ತೋರಿಸಿ ಅದೇನೆಂದರು. ಅತ್ತೆ ತಡವರಿಸಿದರೂ ಹೇಳಿದರು. ಕೊನೆಗೆ ಡಾಕ್ಟರು ನನ್ನತ್ತ ಬೆರಳು ಮಾಡಿದರು.

“ಇವರು ಯಾರು?”

ಅತ್ತೆ ನನ್ನನ್ನೇ ನೋಡಿದರು. ತುಟಿ ಅಲುಗಿತು, ನಿಂತಿತು. ಸುಜಾತಾ ಎಂಬ ನನ್ನ ಹೆಸರೇನು ಅಷ್ಟು ಕಷ್ಟದ್ದಲ್ಲ. ನಾನೇ ‘ಸು…’ ಎಂದು ಶುರುಮಾಡಿಕೊಡುವವಳಿದ್ದೆ, ಗಂಡ ಕೈ ಹಿಡಿದು ತಡೆದರು. ಅತ್ತೆ ಹುಡುಕಿದರು, ಹುಡುಕಿದರು. ಕಡೆಗೆ ಸಿಕ್ಕಿದವರಂತೆ ಗಟ್ಟಿಯಾಗಿ ಹೇಳಿದರು:

“ನನ್… ಬಾಯಿ.”

ಡಾಕ್ಟರು ಸಮಾಧಾನದ ದನಿಯಲ್ಲಿ, “ಪರವಾಗಿಲ್ಲ ಅಜ್ಜಿ, ಅದು ತಪ್ಪು. ಹೆಸರು ನಿಧಾನಕ್ಕೆ ಬರ್ತದೆ” ಎಂದರು.

ಆಗ ಅತ್ತೆ ಡಾಕ್ಟರನ್ನು ನೋಡಿದ ನೋಟವಿದೆಯಲ್ಲ, ಅದಕ್ಕೆ ಸರಿಹೊಂದುವ ಗುಂಡಿಯನ್ನು ನಾನು ಇನ್ನೂ ಮಾಡಿಲ್ಲ.